ಬ್ಯಾಡಗಿ ಮಾಳಿಗೆ ಮೇಲೆ ರಿಯೋಹಾ ವೈನ್

ಈ ಜನವರಿಯಲ್ಲಿ ಊರಿಗೆ ಬರುವಾಗ ಎರಡು ಬಾಟಲಿ ರೆಡ್ ವೈನನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದೆ. ನಾನಿರುವುದು ಸ್ಪೇನಿನ ಲೊಗ್ರೊನ್ಯೊದಲ್ಲಿ. ಎಬ್ರೊ ನದಿ ದಂಡೆಯ ಊರು, ರಿಯೋಹಾ ವೈನಿನ ಸೀಮೆ. ನಮ್ಮ ಮನೆ ಬ್ಯಾಡಗಿ, ಅಣ್ಣನದು ಮೆಣಸಿನಕಾಯಿ ವ್ಯಾಪಾರ.

ಅಲ್ಲಿಗೆ ಹೋದ ಮೊದಲ ವರ್ಷ ನನಗೆ ಊರು ನೆನಪಾಗಿದ್ದೇ ಮೆಣಸಿನಕಾಯಿಯಿಂದ. ಸುಗ್ಗಿ ಮುಗಿದ ಮೇಲೆ ಹಳ್ಳಿ ಮನೆಗಳ ಬಾಲ್ಕನಿಯಲ್ಲಿ ಕೆಂಪು ಕಾಯಿಗಳ ಸರ ಕಟ್ಟಿ ತೂಗುಹಾಕುತ್ತಾರೆ. ಚೊರಿಸೆರೊ ಅಂತ ಹೆಸರು. ಬಣ್ಣ ಜಾಸ್ತಿ, ಖಾರ ತೀರಾ ಕಡಿಮೆ. ನಮ್ಮ ಬ್ಯಾಡಗಿ ಕಾಯಿಯ ನೆಂಟರನ್ನು ಕಂಡಂತಾಗಿತ್ತು. ದ್ರಾಕ್ಷಿ ತೋಟಗಳಲ್ಲೂ ಕೆಲವು ಕಡೆ ನಮ್ಮ ಮಸಾರಿಯಂಥ ಕೆಂಪು ಮಣ್ಣು.

ಅಲ್ಲಿ ವೈನ್ ಮಾಡುವವರಲ್ಲಿ ಎರಡು ದಾರಿ. ಹಳೇ ಪದ್ಧತಿಯವರು ಅಮೆರಿಕದ ಓಕ್ ಮರದ 225 ಲೀಟರ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುತ್ತಾರೆ. ವೆನಿಲಾ, ಕೊಬ್ಬರಿ ವಾಸನೆ ಬರುತ್ತದೆ. ಬಣ್ಣ ತಿಳಿಯಾಗಿ ಇಟ್ಟಿಗೆ ಕಡೆ ತಿರುಗುತ್ತದೆ. ಹೊಸಬರಿಗೆ ಫ್ರೆಂಚ್ ಓಕ್ ಇಷ್ಟ. ಕಡಿಮೆ ದಿನ ಇಟ್ಟು ಹಣ್ಣಿನ ರುಚಿ, ಗಾಢ ಬಣ್ಣ ಉಳಿಸಿಕೊಳ್ಳುತ್ತಾರೆ. ನಾನು ತಂದದ್ದು ಎರಡೂ ಬಗೆಯ ಪೀಪಾಯಿಯಲ್ಲಿ ಮಾಗಿಸಿ ಬೆರೆಸಿದ ವೈನ್. ಟೆಂಪ್ರಾನಿಯೊ ದ್ರಾಕ್ಷಿ ಜಾಸ್ತಿ, ಗಾರ್ನಾಚಾ ಸ್ವಲ್ಪ. ಮೇಲೆ ‘ರೆಸೆರ್ವಾ’ ಅಂತ ಚೀಟಿ. ಅಂದರೆ ಕನಿಷ್ಠ 3 ವರ್ಷ ಮಾಗಿದ್ದು, ಅದರಲ್ಲಿ 1 ವರ್ಷವಾದರೂ ಪೀಪಾಯಿಯಲ್ಲಿ.

ರಾತ್ರಿ ಮಾಳಿಗೆ ಮೇಲೆ ಕೂತೆವು. ಈ ವೈನಿಗೆ 16–18 ಡಿಗ್ರಿ ಸರಿ, ಜನವರಿ ಚಳಿಯೇ ಸಾಕಾಯಿತು. ಅಣ್ಣ ಯಾವತ್ತೂ ವೈನ್ ಕುಡಿದವನಲ್ಲ. ಗಾಜಿನ ಲೋಟವನ್ನು ಓರೆ ಮಾಡಿ ಬಲ್ಬಿಗೆ ಹಿಡಿದ. ಪೇಟೆಯಲ್ಲಿ ಚೀಲದಿಂದ ಕಾಯಿ ತೆಗೆದು ಬೆಳಕಿಗೆ ಹಿಡಿಯುತ್ತಾನಲ್ಲ, ಥೇಟ್ ಹಾಗೇ. “ಅಂಚಿಗೆ ಇಟ್ಟಂಗಿ ಬಣ್ಣ ಐತಿ, ನಡುವ ಇನ್ನೂ ಕಪ್ಪಗೆಂಪು” ಅಂದ. ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದ. “ಕೊಬ್ಬರಿ.” ಓಕ್ ಮರದ ಕಥೆ ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ! ಒಂದು ಗುಟುಕು ಕುಡಿದು ಸುಮ್ನೆ ಕೂತ. “ನೇರಳೆಹಣ್ಣು ತಿಂದಂಗ ನಾಲಿಗಿ ಬಿಗೀತು.” ಆ ಒಗರನ್ನೇ ವೈನಿನವರು ಟ್ಯಾನಿನ್ ಅನ್ನೋದು. ನನಗೆ ಇದೆಲ್ಲ ಗೊತ್ತಾಗೋಕೆ ಎರಡು ವರ್ಷ ಹಿಡಿದಿತ್ತು.

ಅತ್ತಿಗೆ ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿ ತಂದಿಟ್ಟರು. ಚಟ್ನಿಯ ಜೊತೆ ವೈನ್ ಒಗರೊಗರಾಗಿ ಕೆಟ್ಟಿತು. ಎಣ್ಣೆಗಾಯಿಯ ಜೊತೆ ಮಾತ್ರ ಎಷ್ಟು ಚೆನ್ನಾಗಿ ಹೊಂದಿತು ಅಂದರೆ, ಶೇಂಗಾ ಮಸಾಲೆಯ ಎಣ್ಣೆಗೆ ಆ ಬಿಗಿ ಪೂರಾ ಸಡಿಲಾಯಿತು.

ಎರಡನೇ ಬಾಟಲಿ ಒಡೆಯಲು ಅಣ್ಣ ಬಿಡಲಿಲ್ಲ. “ಮುಂದಿನ ವರ್ಷ ಹೆಂಗಾಗತೈತಿ ನೋಡೂಣು.” ಬ್ಯಾಸಗಿ ಬಿಸಿಲಿಗೆ ಕೆಡೂದಿಲ್ಲೇನು ಅಂತಲೂ ಕೇಳಿದ. ರಿಯೋಹಾ ಸೀಮೆಯ ಲಗ್ವಾರ್ದಿಯಾ ಊರಿನಲ್ಲಿ ಮನೆಗಳ ಕೆಳಗೆ ನೆಲ ಕೊರೆದು ವೈನ್ ಇಡುವ ಜಾಗ ಮಾಡಿದ್ದಾರೆ, ವರ್ಷವಿಡೀ ತಂಪು ಅಂದೆ. “ನಮ್ಮ ಹಗೇವಿನಂಗ” ಅಂದ. ಕಾಳು ಇಡಲು ನೆಲದಲ್ಲಿ ತೋಡಿದ್ದ ನಮ್ಮ ಮನೆಯ ಹಗೇವು ಮುಚ್ಚಿ ಎಷ್ಟೋ ವರ್ಷ ಆಯಿತು. ಈಗ ಬಾಟಲಿ ಫ್ರಿಜ್ಜಿನ ತಳದಲ್ಲಿದೆ. ಪ್ರತಿ ರವಿವಾರ ಫೋನಿನಲ್ಲಿ ಹೇಳುತ್ತಾನೆ: “ಅಡ್ಡ ಮಲಗಿಸೇ ಇಟ್ಟೀನಿ.”