ಪರದೆಯಿಂದ ಬಿದ್ದುಹೋದ ‘ಇಲ್ಲ’

ಮಲ್ಲೇಶ್ವರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನ ಪಕ್ಕದ ಗೋಡೆಗೆ ಒಂದು ಟಿವಿ ಹಾಕಿ, ಅದರ ಹಿಂದೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕೂರಿಸಿ, ಮೇಲ್ಭಾಗದಲ್ಲಿ ನಿವಾಸಿಗಳ ಸಂಘದ ಸೂಚನೆಗಳೂ ಕೆಳಗಿನ ಪಟ್ಟಿಯಲ್ಲಿ, ಸುದ್ದಿತಾಣಗಳು ಹೊಸ ಸುದ್ದಿಗಳನ್ನು ಸಾಲಾಗಿ ಒದಗಿಸುವ ಆರ್‌ಎಸ್‌ಎಸ್ ಫೀಡಿನಿಂದ ಬರುವ ಸುದ್ದಿ ಶೀರ್ಷಿಕೆಗಳೂ ಕಾಣುವಂತೆ ಮಾಡುವ ಕೆಲಸವನ್ನು ನಾನು ವಹಿಸಿಕೊಂಡಿದ್ದೆ. ಮೊದಲ ವಾರವೇ ಒಂದು ತಪ್ಪಾಯಿತು.

ನಾನು ಬರೆದು ಹಾಕಿದ್ದ ಸೂಚನೆ ಇದು: ‘ಗುರುವಾರ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಕಾವೇರಿ ನೀರು ಪೂರೈಕೆ ಇರುವುದಿಲ್ಲ’. ಪರದೆಯ ತಂತ್ರಾಂಶದಲ್ಲಿ ಒಂದು ಸಂದೇಶಕ್ಕೆ 60 ಅಕ್ಷರಗಳ ಮಿತಿ ಇತ್ತು. ಅದನ್ನು ಮೀರಿದರೆ ಹಿಂದಿನ ಪೂರ್ಣ ಪದಕ್ಕೆ ನಿಲ್ಲಿಸಿ ಮೂರು ಚುಕ್ಕಿ ಇಡುತ್ತಿತ್ತು. ಹೀಗಾಗಿ ಪರದೆಯ ಮೇಲೆ ‘ಪೂರೈಕೆ’ ಎಂಬಲ್ಲಿಗೆ ವಾಕ್ಯ ಮುಗಿಯಿತು. ಗುರುವಾರ ಮಧ್ಯಾಹ್ನ ಮೊದಲ ಮಹಡಿಯ ಅಜ್ಜಿಯವರು ಖಾಲಿ ಬಕೆಟ್ ಹಿಡಿದು ಬಂದು, ‘ಬೆಳಿಗ್ಗೆಯಿಂದ ಸಂಜೆವರೆಗೂ ನೀರು ಬಿಡ್ತಾರೆ ಅಂತ ನೀವೇ ಹಾಕಿದ್ರಲ್ಲಪ್ಪಾ, ನಾನು ಡ್ರಮ್ಮು ತುಂಬಿಸಲೇ ಇಲ್ಲ’ ಎಂದಾಗ ನನಗೆ ಉತ್ತರವಿರಲಿಲ್ಲ. ಅಷ್ಟು ಹೊತ್ತಿಗೆ ಸಂಪು ಸಹ ತಳ ಕಂಡಿತ್ತು.

ಆ ವಾಕ್ಯವನ್ನು ಕಣ್ಣಿನಿಂದ ಎಣಿಸಿದರೆ, ಒತ್ತಕ್ಷರವನ್ನು ಒಂದೇ ಅಕ್ಷರವೆಂದು ಹಿಡಿದು, ಪದಗಳ ನಡುವಿನ ಜಾಗವೂ ಸೇರಿ 38 ಆಗುತ್ತದೆ. ಆದರೆ ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಯೂನಿಕೋಡಿನಲ್ಲಿ ಗುಣಿತದ ಚಿಹ್ನೆ, ಅನುಸ್ವಾರ, ಒತ್ತಕ್ಷರವನ್ನು ಕೂಡಿಸುವ ಹಲಂತ (್) ಇವೆಲ್ಲಕ್ಕೂ ಬೇರೆ ಬೇರೆ ಸಂಕೇತಗಳಿರುವುದರಿಂದ ಯಂತ್ರದ ಲೆಕ್ಕಕ್ಕೆ ಅದು 65. ನಾವು ಎರಡಕ್ಷರವೆಂದು ಓದುವ ‘ರಾಷ್ಟ್ರ’ ಅದಕ್ಕೆ ಏಳು. ಮಿತಿಯನ್ನು ಹೆಚ್ಚಿಸಿದರೆ ಈ ತೊಂದರೆ ತೀರುತ್ತದೆ, ನಿಜ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೆ ವಿಷಯ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಿಷೇಧವೂ ಅದರೊಳಗೇ ಇರುತ್ತದೆ. ಬಾಲ ಕತ್ತರಿಸಿದರೆ ಇಲ್ಲವೆಂಬ ಮಾತು ಉಂಟೆಂಬ ಮಾತಾಗಿಬಿಡುತ್ತದೆ. ಹಾಗಾಗಿ ಪರದೆಗೆ ಬರೆಯುವಾಗ ಉಂಟೋ ಇಲ್ಲವೋ ಎಂಬ ತೀರ್ಪನ್ನು ವಾಕ್ಯದ ಮೊದಲಿಗೇ ತರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಈಗ ಅದೇ ಸೂಚನೆಯನ್ನು ‘ನೀರು ಇಲ್ಲ: ಗುರುವಾರ, ಬೆಳಿಗ್ಗೆ 6ರಿಂದ ಸಂಜೆ 6’ ಎಂದು ಬರೆಯುತ್ತೇನೆ.

ಸುದ್ದಿಯ ಶೀರ್ಷಿಕೆಗಳನ್ನು ಹೀಗೆ ತಿದ್ದುವ ಹಕ್ಕು ನನಗಿಲ್ಲ. ಆದ್ದರಿಂದ ಕತ್ತರಿಸುವುದನ್ನೇ ನಿಲ್ಲಿಸಿ, ಓಡುವ ಪಟ್ಟಿಯನ್ನೂ ತೆಗೆದು, ಒಂದೊಂದು ಶೀರ್ಷಿಕೆಯನ್ನೂ ಎರಡು ಸಾಲಿನಲ್ಲಿ ಪೂರ್ತಿಯಾಗಿ, 12 ಸೆಕೆಂಡು ನಿಲ್ಲುವಂತೆ ಮಾಡಿದೆ. ಸಾಲಿನ ಎತ್ತರ ಇಂಗ್ಲಿಷಿಗೆಂದು ಹೊಂದಿಸಿದ್ದು ಕನ್ನಡಕ್ಕೆ ಸಾಲದು. ಕೆಳಗಿನ ಒತ್ತು ಅಂಚಿಗೆ ಸಿಕ್ಕಿ ‘ಇಲ್ಲ’ ಎಂಬುದು ‘ಇಲ’ ಆಗಿ ಕಾಣುತ್ತಿದ್ದುದನ್ನು ನಾನು ಹತ್ತಿರ ನಿಂತು ನೋಡಿದ ಮೇಲೆಯೇ ಅದನ್ನು ಸರಿಪಡಿಸಿದೆ.

ಇಂಟರ್ನೆಟ್ ಹೋದಾಗ ಪೈ ತಾನು ಉಳಿಸಿಕೊಂಡಿದ್ದ ಹಳೆಯ ಫೀಡನ್ನೇ ತೋರಿಸುತ್ತದೆ, ನೋಡುವವರಿಗೆ ಅದು ಹಳತೆಂದು ತಿಳಿಯುವುದಿಲ್ಲ. ಪ್ರತಿ ಸುದ್ದಿಯ ಜೊತೆ ಬರುವ ಪ್ರಕಟಣೆಯ ಸಮಯವನ್ನು ಓದಿ, 24 ಗಂಟೆ ದಾಟಿದವುಗಳನ್ನು ಬಿಟ್ಟುಬಿಡುವಂತೆ ತಂತ್ರಾಂಶಕ್ಕೆ ನಾಲ್ಕು ಸಾಲು ಕೋಡ್ ಸೇರಿಸಿದ್ದೇನೆ. ಸುದ್ದಿ ಒಂದೂ ಉಳಿಯದಿದ್ದರೆ ಆ ಜಾಗದಲ್ಲಿ ಸಂಪಿನ ಮಟ್ಟ ಬರುತ್ತದೆ. ಅಜ್ಜಿಯವರು ಲಿಫ್ಟಿಗೆ ಕಾಯುವಾಗ ಮೊದಲು ಹುಡುಕುವುದು ಅದನ್ನೇ.