ಮಲ್ಲಿಗೆಯ ಮೊಗ್ಗು ಉದುರುವುದು ಕೊನೆಗೂ ನಿಂತಿತು

ಮೊನ್ನೆ ಸಂಜೆ ನಮ್ಮ ಮಲ್ಲಿಗೆ ಗಿಡದಲ್ಲಿ ಒಂದು ಮೊಗ್ಗು ಉದುರದೆ ಅರಳಿತು. ಚಳಿ ಶುರುವಾದಾಗಿನಿಂದ ಬಿಟ್ಟ ಮೊಗ್ಗುಗಳೆಲ್ಲ ಮೆಣಸಿನ ಕಾಳಿನ ಗಾತ್ರಕ್ಕೆ ಬಂದು, ತೊಟ್ಟು ಹಳದಿಗೆ ತಿರುಗಿ, ಕುಂಡದ ಮಣ್ಣಿನ ಮೇಲೆ ಬೀಳುತ್ತಿದ್ದವು. ಆ ಕಾಟ ಮುಗಿಯಿತೆಂದು ಹೇಳಲು ನನಗೀಗ ಧೈರ್ಯ ಬಂದಿದೆ, ಏಕೆಂದರೆ ಅದೇ ಗೊಂಚಲಿನ ಉಳಿದ ಮೊಗ್ಗುಗಳೂ ತೊಟ್ಟು ಹಸಿರಾಗಿಯೇ ದಪ್ಪವಾಗುತ್ತಿವೆ. ಕುಂಡದ ಅಳತೆ, ಮಣ್ಣಿನ ಮಿಶ್ರಣ, ಗೊಬ್ಬರದ ಪ್ರಮಾಣ ಮುಂತಾದವು ಮನೆಯೊಳಗೆ ಗಿಡ ಬೆಳೆಸುವವರಿಗೆ ಗೊತ್ತಿರುವ ಸಂಗತಿಗಳಾದ್ದರಿಂದ ಅವನ್ನು ಬಿಟ್ಟು, ಮೊಗ್ಗಿನ ವಿಷಯವೊಂದನ್ನೇ ಬರೆಯುತ್ತೇನೆ.

ಮದುವೆಯಾದ ಮೇಲೆ ನಾವಿಬ್ಬರೂ ಬಂದು ನೆಲೆಸಿರುವ ಊರು 60 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರವಿದೆ. ಈ ಅಕ್ಷಾಂಶದಲ್ಲಿ ಡಿಸೆಂಬರ್ 21ರ ಸುಮಾರಿಗೆ ನಡುಹಗಲಿನ ಸೂರ್ಯನೂ ದಿಗಂತದಿಂದ ಏಳು ಡಿಗ್ರಿ ಮೇಲಕ್ಕೆ ಏರುವುದಿಲ್ಲ. ಹಗಲಿನ ಅವಧಿ ಆರು ಗಂಟೆ ತುಂಬುವುದಿಲ್ಲ. ಮಲ್ಲಿಗೆ ಹುಲುಸಾಗಿ ಬೆಳೆಯುವ 13 ಡಿಗ್ರಿ ಅಕ್ಷಾಂಶದಲ್ಲಿ ಅದೇ ದಿನ ಸೂರ್ಯ 53 ಡಿಗ್ರಿಗಿಂತ ಎತ್ತರದಲ್ಲಿರುತ್ತಾನೆ. ಮದುವೆಯೂ ಹೊಸದು, ಮನೆಯೂ ಹೊಸದು, ಮಧ್ಯಾಹ್ನವೇ ಕತ್ತಲಾಗುವ ಆಕಾಶವೂ ಹೊಸದು ಎನ್ನುವಂಥ ದಿನಗಳಲ್ಲಿ, ಸಂಜೆಯ ಹೊತ್ತು ಮನೆಯೊಳಗೆ ಏನೋ ಒಂದು ಕಡಿಮೆಯಾಗಿದೆ ಎಂದು ಇಬ್ಬರಿಗೂ ಬೇರೆ ಬೇರೆಯಾಗಿ ಅನ್ನಿಸಿತ್ತು. ಅದು ಮಲ್ಲಿಗೆಯ ಪರಿಮಳ ಎಂಬುದನ್ನು ಮೊದಲು ಬಾಯಿಬಿಟ್ಟು ಹೇಳಿದವರು ನಮ್ಮವರು. ಆಗಿನಿಂದ ಇದು ನಮ್ಮಿಬ್ಬರ ಕೆಲಸವಾಗಿದೆ.

ಅಮ್ಮನಿಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಡ್ಡಿಯೊಂದನ್ನು ಬರುವವರ ಕೈಯಲ್ಲಿ ಕಳಿಸುವ ಆಸೆಯಿತ್ತು. ನಾನು ಒಪ್ಪಲಿಲ್ಲ. ಗಡಿ ದಾಟುವ ಜೀವಂತ ಗಿಡಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುವ ಪದ್ಧತಿ 1951ರ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದದಲ್ಲಿಯೇ ಇದೆ, ಮತ್ತು ಅದು ಇರಬೇಕಾದದ್ದೇ. ಒಂದು ಕಡ್ಡಿಯ ಜೊತೆಗೆ ಬಂದ ರೋಗ ಇನ್ನೊಂದು ನೆಲದ ಬೆಳೆಯನ್ನೇ ತಿಂದುಹಾಕಬಲ್ಲದು. ಹಾಗಾಗಿ ಗಿಡವನ್ನು ಇಲ್ಲಿಯೇ ಹುಡುಕಬೇಕಾಯಿತು, ಮತ್ತು ಮಾರುವವರ ಮೇಲಿನ ನನ್ನ ದೂರು ಇಲ್ಲಿಂದಲೇ ಶುರುವಾಗುತ್ತದೆ. ಚಳಿ ದೇಶಗಳ ಅಂಗಡಿಗಳಲ್ಲಿ ‘ಜಾಸ್ಮಿನ್’ ಎಂಬ ಚೀಟಿ ಅಂಟಿಸಿಕೊಂಡು ನಿಂತಿರುವುದು ಬಹುಮಟ್ಟಿಗೆ ಜಾಸ್ಮಿನಮ್ ಪಾಲಿಯಾಂಥಮ್; ಅದರ ಮೊಗ್ಗು ಗುಲಾಬಿ ಬಣ್ಣದ್ದು, ಮೊಗ್ಗು ಕಟ್ಟಲು ಅದಕ್ಕೆ ತಂಪಾದ ತಿಂಗಳುಗಳು ಬೇಕು, ಅಂದರೆ ಅದರ ಸ್ವಭಾವ ನಮ್ಮ ಗಿಡಕ್ಕೆ ತದ್ವಿರುದ್ಧ. ಇನ್ನೂ ಕೆಲವರು ಟ್ರಾಕೆಲೋಸ್ಪರ್ಮಮ್ ಗಿಡವನ್ನು ಅದೇ ಹೆಸರಿನಲ್ಲಿ ಕೊಡುತ್ತಾರೆ. ಅದು ಕಣಗಿಲೆಯ ಕುಟುಂಬಕ್ಕೆ ಸೇರಿದ ಬಳ್ಳಿ. ಎಲೆ ಮುರಿದರೆ ಹಾಲು ಬರುತ್ತದೆ, ನಿಜವಾದ ಮಲ್ಲಿಗೆಯಲ್ಲಿ ಹಾಲಿಲ್ಲ. ನಮಗೆ ಬೇಕಾದದ್ದು ಜಾಸ್ಮಿನಮ್ ಸಾಂಬಾಕ್. ಫಿಲಿಪ್ಪೀನ್ಸ್ ದೇಶ 1934ರಲ್ಲಿ ಇದನ್ನೇ ತನ್ನ ರಾಷ್ಟ್ರೀಯ ಹೂವನ್ನಾಗಿ ಘೋಷಿಸಿಕೊಂಡಿತು. ಅಲ್ಲಿನವರು ಕರೆಯುವ ಸಂಪಗೀತಾ ಎಂಬ ಹೆಸರಿನಲ್ಲಿ ಹುಡುಕಿದ ಮೇಲೆ ಸರಿಯಾದ ಗಿಡ ಸಿಕ್ಕಿತು. ಕಳಿಸಿದವರು ಬೇರಿನ ಮಣ್ಣನ್ನೆಲ್ಲ ಕೊಡವಿ, ತೆಳು ಕಾಗದದಲ್ಲಿ ಸುತ್ತಿ, ಹಿಮ ಬೀಳುವ ವಾರದಲ್ಲಿಯೇ ಕಳಿಸಿದ್ದರು. ಗಿಡ ಬದುಕಿದ್ದು ಗಿಡದ ಗಟ್ಟಿತನದಿಂದ.

ಬೆಳಕಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಚಳಿಗಾಲದ ನಡುವೆ ಇಲ್ಲಿನ ಕಿಟಕಿಯ ಹಿಂದೆ ಇಡೀ ದಿನಕ್ಕೆ ಚದರ ಮೀಟರಿಗೆ ಒಂದು ಮೋಲ್ (ಬೆಳಕಿನ ಕಣಗಳನ್ನು ಎಣಿಸುವ ಅಳತೆ) ಬೆಳಕೂ ಸಿಗುವುದು ಕಷ್ಟ. ದೀಪ ಹಾಕಿದ ಮೇಲೆ ಎಲೆಯ ಮಟ್ಟದಲ್ಲಿ ಸೆಕೆಂಡಿಗೆ ಸುಮಾರು 250 ಮೈಕ್ರೋಮೋಲ್ (ಮೋಲಿನ ಹತ್ತು ಲಕ್ಷದಲ್ಲೊಂದು ಪಾಲು) ಬೀಳುತ್ತಿದೆ. 14 ಗಂಟೆ ಉರಿಸಿದರೆ ದಿನಕ್ಕೆ 12.6 ಮೋಲ್ ಆಗುತ್ತದೆ, ಮತ್ತು ಹೊಸ ಕುಡಿಯ ತುದಿಯಲ್ಲಿ ಮೊಗ್ಗು ಕಟ್ಟಲು ನಮ್ಮ ಗಿಡಕ್ಕೆ ಅಷ್ಟು ಸಾಕಾಗಿದೆ. ಡಬ್ಬಿಯ ಮೇಲೆ ‘1000 ವ್ಯಾಟ್’ ಎಂದು ಅಚ್ಚು ಹಾಕಿದ್ದ ದೀಪ ಸಾಕೆಟ್ಟಿನ ಮೀಟರಿನಲ್ಲಿ 100 ವ್ಯಾಟನ್ನು ಮಾತ್ರ ತೋರಿಸಿತು. ಇದನ್ನು ಮಾರುವವರು ಎದುರಿಗೆ ಸಿಕ್ಕರೆ ಉಳಿದ 900 ವ್ಯಾಟ್ ಯಾವ ಪಾರ್ಸಲ್‌ನಲ್ಲಿ ಬರುತ್ತದೆಂದು ಕೇಳಬೇಕೆಂದಿದ್ದೇನೆ. ನೇರಳೆ ಬೆಳಕಿನ ದೀಪ ಬೇಡ, ಬಿಳಿಯದೇ ಇರಲಿ ಎಂದು ನಮ್ಮವರು ಪಟ್ಟು ಹಿಡಿದದ್ದು ಒಳ್ಳೆಯದಾಯಿತು. ಬೆಳಿಗ್ಗೆ ಆರಕ್ಕೆ ಟೈಮರ್ ದೀಪ ಹೊತ್ತಿಸಿದರೆ, ಹೊರಗೆ ಇನ್ನೂ ನಡುರಾತ್ರಿಯ ಕತ್ತಲಿರುವಾಗ, ಮನೆಯ ಆ ಮೂಲೆಯಲ್ಲಿ ಮಾತ್ರ ಬೆಳಗಾಗಿರುತ್ತದೆ. ನಾವಿಬ್ಬರೂ ಕೆಲಸಕ್ಕೆ ಹೊರಡುವ ಮೊದಲು ಕುರ್ಚಿಗಳನ್ನು ಅಲ್ಲಿಗೇ ಎಳೆದುಕೊಂಡು ಕೂರುವ ರೂಢಿ ಹಾಗೆ ಬೆಳೆಯಿತು. ಇಡೀ ದಿನದಲ್ಲಿ ಮಾತಾಡಲು ನಮಗೆ ಸಿಗುವ ನಿಶ್ಚಿಂತೆಯ ಹೊತ್ತು ಅದು.

ಇನ್ನು ಮೊಗ್ಗಿಗೆ ಬರೋಣ. ಉದುರಿದ ಮೊಗ್ಗುಗಳನ್ನು ಬಿಳಿ ಕಾಗದದ ಮೇಲೆ ಸಾಲಾಗಿಟ್ಟು ಹತ್ತು ಪಟ್ಟು ದೊಡ್ಡದಾಗಿ ತೋರುವ ಮಸೂರದಲ್ಲಿ ನೋಡಿದೆ. ಮೊಗ್ಗಿನ ಮೈಮೇಲೆ ಕಲೆಯಿಲ್ಲ, ತೂತಿಲ್ಲ. ತೊಟ್ಟು ಕಡ್ಡಿಗೆ ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ತೆಳುವಾದ ಮಾಸಲು ಹಳದಿಯ ಉಂಗುರವೊಂದು ಕಾಣಿಸುತ್ತಿತ್ತು, ಮತ್ತು ಕಡಿದ ಭಾಗ ಹರಿದಂತಿರದೆ ನುಣುಪಾಗಿತ್ತು. ಅಂದರೆ ಮೊಗ್ಗನ್ನು ಯಾವುದೂ ಕಡಿದಿರಲಿಲ್ಲ. ಗಿಡವೇ ಅದನ್ನು ಕೈಬಿಟ್ಟಿತ್ತು. ನೀರಿನ ಕೊರತೆಯಂಥ ಒತ್ತಡಕ್ಕೆ ಸಿಕ್ಕ ಗಿಡದಲ್ಲಿ ಎಥಿಲೀನ್ ಎಂಬ ಹಾರ್ಮೋನ್ ಅನಿಲ ಹೆಚ್ಚಾಗಿ, ತೊಟ್ಟಿನ ಬುಡದ ಜೀವಕೋಶಗಳ ನಡುವಿನ ಅಂಟು ಕರಗಿ, ಮೊಗ್ಗು ಕಳಚಿಕೊಳ್ಳುತ್ತದೆ. ಒತ್ತಡ ಎಲ್ಲಿಂದ ಬರುತ್ತಿದೆ ಎಂಬುದೇ ಉಳಿದ ಪ್ರಶ್ನೆ.

ಎಲೆಯ ಅಡಿಯಲ್ಲಿ ನುಸಿ ಇರಲಿಲ್ಲ. ಒಣ ಹವೆಯ ಮನೆಗಳಲ್ಲಿ ಜೇಡ ನುಸಿ ಮೊದಲ ಆರೋಪಿಯಾದ್ದರಿಂದ ವಾರವಾರವೂ ಎಲೆ ಮಗುಚಿ ನೋಡುತ್ತಿದ್ದೆ. ಗಡಸು ನೀರಿನಿಂದ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುವ ತೊಂದರೆಯನ್ನು ಕಬ್ಬಿಣದ ಕೀಲೇಟ್ ಹಾಕಿ ಮೊದಲೇ ಸರಿಪಡಿಸಿಯಾಗಿತ್ತು. ಅಲ್ಲಿಗೆ ಉಳಿದದ್ದು ಹವೆಯ ಶುಷ್ಕತೆ, ಮತ್ತು ಅದರ ಲೆಕ್ಕ ನಿಜಕ್ಕೂ ಭಯ ಹುಟ್ಟಿಸುವಂಥದ್ದು. ಸೊನ್ನೆಗಿಂತ 10 ಡಿಗ್ರಿ ಕೆಳಗಿರುವ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 2.4 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳುತ್ತದೆ, ಆದರೆ 22 ಡಿಗ್ರಿಯ ಗಾಳಿಗೆ 19 ಗ್ರಾಂ ಹಿಡಿದುಕೊಳ್ಳುವ ಸಾಮರ್ಥ್ಯವಿದೆ. ಹೊರಗಿನ ಗಾಳಿ ಒಳಗೆ ಬಂದು ಬಿಸಿಯಾದರೆ ಅದರ ಸಾಪೇಕ್ಷ ಆರ್ದ್ರತೆ ಶೇಕಡಾ 12ರ ಆಸುಪಾಸಿಗೆ ಕುಸಿಯುತ್ತದೆ. ಸ್ನಾನ, ಅಡುಗೆ, ಇಬ್ಬರ ಉಸಿರು ಎಲ್ಲ ಸೇರಿಯೂ ನಮ್ಮ ಮೀಟರ್ ಶೇಕಡಾ 25ನ್ನು ದಾಟುತ್ತಿರಲಿಲ್ಲ. ಮಂಜು ಉಗುಳುವ ಯಂತ್ರವನ್ನು ನಾನು ಬೇಡವೆಂದೆ, ಏಕೆಂದರೆ ಗಡಸು ನೀರಿಗೆ ಅದು ಮನೆಯ ಸಾಮಾನಿನ ಮೇಲೆಲ್ಲ ಬಿಳಿ ಪುಡಿ ಕೂರಿಸುತ್ತದೆ. ಜೊತೆಗೆ ಕಿಟಕಿಯ ಗಾಜಿನ ಮೇಲೆ ನೀರು ಇಳಿದು ಚೌಕಟ್ಟಿಗೆ ಬೂಷ್ಟು ಹಿಡಿದರೆ ಬಾಡಿಗೆ ಮನೆಯಲ್ಲಿ ಉತ್ತರ ಕೊಡಬೇಕಾದವರು ನಾವು. ಅದರ ಬದಲು ದೀಪದ ಚೌಕಟ್ಟಿನಿಂದ ಮೂರು ಕಡೆಗೂ ಪಾರದರ್ಶಕ ಪ್ಲಾಸ್ಟಿಕ್ ಪರದೆ ಇಳಿಬಿಟ್ಟು, ಒಳಗೆ ಒಂದು ಸಣ್ಣ ಫ್ಯಾನ್ ಇಟ್ಟೆವು. ಆರ್ದ್ರತೆ ಶೇಕಡಾ 55ಕ್ಕೆ ಏರಿತು, ಎಲೆಗಳಿಗೆ ಹೊಳಪು ಬಂತು, ಮೊಗ್ಗುಗಳು ಮಾತ್ರ ಮೊದಲಿನ ಹಾಗೆಯೇ ಉದುರುತ್ತಿದ್ದವು. ಆ ವಾರ ಮನೆಯಲ್ಲಿ ಯಾರೂ ಮಲ್ಲಿಗೆಯ ಹೆಸರೆತ್ತಲಿಲ್ಲ.

ಸುಳಿವು ಕೊಟ್ಟದ್ದು ಇನ್ನೊಂದು ಗಿಡ. ಬೇಸಿಗೆಯಲ್ಲಿ ತಾಯಿಗಿಡದಿಂದ ಕತ್ತರಿಸಿ ಬೇರು ಬರಿಸಿದ್ದ ಕಡ್ಡಿಯೊಂದು ಕೋಣೆಯ ಆಚೆ ಬದಿಯ ಪುಸ್ತಕದ ಕಪಾಟಿನ ಮೇಲಿತ್ತು. ಅದಕ್ಕೆ ಬೆಳಕು ಕಡಿಮೆ, ಪರದೆಯಿಲ್ಲ, ಹವೆ ಮರುಭೂಮಿಯಷ್ಟು ಒಣ. ಆದರೂ ಅದು ಬಿಟ್ಟ ಬಡಕಲು ಮೊಗ್ಗುಗಳು ಉದುರದೆ ನಿಂತಿದ್ದವು. ಹವೆಯೇ ಅಪರಾಧಿಯಾಗಿದ್ದರೆ ಆ ಮರಿಗಿಡ ಮೊದಲು ಮೊಗ್ಗು ಕಳೆದುಕೊಳ್ಳಬೇಕಿತ್ತು. ಎರಡರ ನಡುವೆ ಬೇರೆ ಯಾವ ವ್ಯತ್ಯಾಸವಿದೆ ಎಂದು ನಾನು ಪಟ್ಟಿ ಮಾಡುತ್ತ ಕೂತಿದ್ದಾಗ, ಕಿಟಕಿ ಒರೆಸಲೆಂದು ದೊಡ್ಡ ಕುಂಡವನ್ನು ಎತ್ತಿದ ನಮ್ಮವರು, “ನೋಡೇ ಇಲ್ಲಿ, ಕುಂಡ ಮುಟ್ಟಿದ್ರೆ ಕೈ ಕೊರೆಯುತ್ತೆ” ಎಂದರು.

“ರೀ, ಹಾಗೇ ಹಿಡ್ಕೊಂಡಿರಿ, ಥರ್ಮಾಮೀಟರ್ ತರ್ತೀನಿ” ಎಂದು ಓಡಿದೆ.

ಮಣ್ಣಿನ ನಡುವಿಗೆ ಕಡ್ಡಿ ಇಳಿಸಿದರೆ 13 ಡಿಗ್ರಿ. ಅದೇ ಹೊತ್ತಿಗೆ ದೀಪದ ಕೆಳಗೆ ಎಲೆಯ ಸುತ್ತಲಿನ ಗಾಳಿ 24 ಡಿಗ್ರಿ. ಕಪಾಟಿನ ಮೇಲಿನ ಮರಿಗಿಡದ ಮಣ್ಣು 21. ಕಿಟಕಿಯ ಕಟ್ಟೆ ಕಲ್ಲಿನದು. ಅದರ ಒಂದು ಅಂಚು ಹೊರಗೋಡೆಗೆ ಸೇರಿಕೊಂಡಿರುವುದರಿಂದ ಕುಂಡದ ಕಾವು ಹಗಲೂ ರಾತ್ರಿ ಆ ಕಲ್ಲಿನ ಮೂಲಕ ಹರಿದು ಹೋಗುತ್ತಿತ್ತು. ತಣ್ಣಗಾದ ಬೇರು ನೀರನ್ನು ಎರಡು ಕಾರಣಕ್ಕೆ ಸರಿಯಾಗಿ ಎಳೆದುಕೊಳ್ಳಲಾರದು: 13 ಡಿಗ್ರಿಯ ನೀರಿನ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ತಡೆ, 24 ಡಿಗ್ರಿಯ ನೀರಿಗಿಂತ ಸುಮಾರು ಮೂರನೇ ಒಂದರಷ್ಟು ಹೆಚ್ಚು, ಮತ್ತು ಬೇರಿನ ಜೀವಕೋಶಗಳ ಪೊರೆ ಕೂಡ ತಂಪಿಗೆ ನೀರನ್ನು ಒಳಬಿಡುವುದು ಕಡಿಮೆಯಾಗುತ್ತದೆ. ಮೇಲೆ ದೀಪ ಮತ್ತು ಫ್ಯಾನ್ ಸೇರಿ ಎಲೆಯಿಂದ ನೀರು ಕೇಳುತ್ತಿವೆ, ಕೆಳಗೆ ಬೇರಿಗೆ ಕೊಡಲಾಗುತ್ತಿಲ್ಲ, ಮಣ್ಣು ಮಾತ್ರ ಒದ್ದೆಯಾಗಿಯೇ ಇದೆ. ಇಂಥ ಹೊತ್ತಿನಲ್ಲಿ ಗಿಡ ಮೊದಲು ಬಿಟ್ಟುಕೊಡುವುದು ಮೊಗ್ಗನ್ನು. ದೀಪ ಹಾಕಿದ ಮೇಲೆ ಉದುರುವುದು ಹೆಚ್ಚಾದದ್ದು ಏಕೆ ಎಂಬ ಬಹಳ ದಿನದ ಗೊಂದಲವೂ ಇದರೊಂದಿಗೆ ಬಿಡಿಸಿಕೊಂಡಿತು.

ಪರಿಹಾರಕ್ಕೆ ಹೆಚ್ಚಿನ ಸಾಮಾನು ಬೇಕಾಗಲಿಲ್ಲ. ಕಲ್ಲಿನ ಮೇಲೆ ಎರಡು ಸೆಂಟಿಮೀಟರ್ ದಪ್ಪದ ಕಾರ್ಕ್ ಹಾಳೆ, ಅದರ ಮೇಲೆ 20 ವ್ಯಾಟಿನ ಹೀಟ್ ಮ್ಯಾಟ್, ಅದರ ಮೇಲೆ ಕುಂಡ. ಕಾರ್ಕ್ ಇಲ್ಲದೆ ಮ್ಯಾಟ್ ಹಾಕಿದರೆ ಅರ್ಧ ಕಾವು ಕಲ್ಲಿಗೇ ಹೋಗುತ್ತದೆ, ಆದ್ದರಿಂದ ಅದನ್ನು ಬಿಡಬೇಡಿ. ಬಿಸಿ ನೋಡಿ ಮ್ಯಾಟನ್ನು ತಾನೇ ಹೊತ್ತಿಸಿ ಆರಿಸುವ ಥರ್ಮೋಸ್ಟಾಟಿನ ಕಡ್ಡಿ ಮ್ಯಾಟಿನ ಮೇಲಿರದೆ ಮಣ್ಣಿನೊಳಗೆ, ಬೇರಿನ ನಡುವೆ ಇರಬೇಕು. ನಾವು 23 ಡಿಗ್ರಿಗೆ ಇಟ್ಟಿದ್ದೇವೆ. ಇದನ್ನು ಮಾರಿದವರು ಕೊಟ್ಟ ತಂತಿ ಎಷ್ಟು ಗಿಡ್ಡವೆಂದರೆ ಪೆಟ್ಟಿಗೆಯನ್ನು ಕುಂಡದ ಅಂಚಿಗೇ ನೇತುಹಾಕಬೇಕಾಯಿತು, ಸಾಲದ್ದಕ್ಕೆ ಅದು ಮೂರು ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಯಾವ ಥರ್ಮೋಸ್ಟಾಟ್ ಬಂದರೂ ಮೊದಲು ಪುಡಿ ಮಾಡಿದ ಮಂಜುಗಡ್ಡೆ ಕರಗುತ್ತಿರುವ ನೀರಿನಲ್ಲಿ ಕಡ್ಡಿ ಅದ್ದಿ ಸೊನ್ನೆ ತೋರಿಸುತ್ತದೆಯೇ ನೋಡಿಕೊಳ್ಳುವುದು ಕ್ಷೇಮ. ಕೆಳಗಿನಿಂದ ಕಾವು ಬರುವಾಗ ಕುಂಡದ ತಳ ಮೊದಲು ಒಣಗುವುದರಿಂದ, ಮೇಲ್ಮಣ್ಣನ್ನು ಬೆರಳಿನಿಂದ ಮುಟ್ಟಿ ನೀರು ಹಾಕುವ ಪದ್ಧತಿ ಇಲ್ಲಿ ನಡೆಯುವುದಿಲ್ಲ; ಕುಂಡವನ್ನು ಎತ್ತಿ ತೂಕ ನೋಡಿ ಹಾಕಬೇಕು, ಹಾಕುವ ನೀರೂ ಕೋಣೆಯ ಬಿಸಿಗೆ ಬಂದಿರಬೇಕು. ಈ ಎತ್ತಿ ನೋಡುವ ಕೆಲಸವನ್ನು ನಮ್ಮವರು ವಹಿಸಿಕೊಂಡಿದ್ದಾರೆ, ಮತ್ತು ಅವರ ಕೈಯ ಅಂದಾಜು ನನ್ನ ತಕ್ಕಡಿಗೆ ಬಹಳ ಹತ್ತಿರವಿರುತ್ತದೆ.

ಮೊನ್ನೆ ಅರಳಿದ ಹೂವು ಈ ಬದಲಾವಣೆಯ ನಂತರ ಹುಟ್ಟಿದ ಮೊಗ್ಗಿನದು. ಕತ್ತಲಾಗುವ ಹೊತ್ತಿಗೆ ಎಸಳು ಸಡಿಲವಾಗತೊಡಗಿ, ರಾತ್ರಿಯ ಹೊತ್ತಿಗೆ ಪೂರ್ತಿ ಬಿಚ್ಚಿಕೊಂಡಿತು. ಮಲ್ಲಿಗೆಯ ಪರಿಮಳದಲ್ಲಿ ಲಿನಲೂಲ್, ಬೆಂಜೈಲ್ ಅಸಿಟೇಟ್, ಇಂಡೋಲ್ ಮೊದಲಾದ ಹತ್ತಾರು ಸಂಯುಕ್ತಗಳಿವೆ ಎಂದು ಓದಿ ಗೊತ್ತಿತ್ತು. ಒಂದೇ ಒಂದು ಹೂವು ಇಡೀ ಮನೆಯನ್ನು ತುಂಬಬಲ್ಲದು ಎಂಬುದನ್ನು ಮಾತ್ರ ಮೂಗಿನಿಂದಲೇ ತಿಳಿಯಬೇಕು. ಕೆಲಸ ಮುಗಿಸಿ ಬಾಗಿಲು ತೆರೆದವರು ಒಂದು ಕಾಲಿನ ಶೂ ಬಿಚ್ಚಿ, ಇನ್ನೊಂದನ್ನು ಹಾಗೇ ಬಿಟ್ಟು, “ಅರಳಿತಾ?” ಎಂದು ಕೇಳಿದರು. ಮಲ್ಲಿಗೆಗೋಸ್ಕರ ಒಂದು ಚಳಿಗಾಲವನ್ನು ಕೊಟ್ಟದ್ದು ಸಾರ್ಥಕವೆಂದು ನನಗೆ ಆ ಕ್ಷಣವೇ ಅನ್ನಿಸಿತು.

ಗಿಡ ಸುಧಾರಿಸುತ್ತಿರುವಾಗಲೇ ನನ್ನ ತಲೆಯಲ್ಲಿ ಸಂಪಿಗೆ ಹೊಕ್ಕಿದೆ. ಬೀಜದಿಂದ ಬೆಳೆಸುವ ಯೋಚನೆ. ಸಂಪಿಗೆಯ ಬೀಜ ತಾಜಾ ಇರುವಾಗಲೇ ಬಿತ್ತಬೇಕು, ಅದರ ಮೇಲಿನ ಕೆಂಪು ತಿರುಳನ್ನು ತಿಕ್ಕಿ ತೆಗೆಯಬೇಕು, ಒಣಗಿಸಿಟ್ಟರೆ ಮೊಳಕೆಯ ಶಕ್ತಿ ಬೇಗ ಹೋಗುತ್ತದೆ. ಬೀಜ ಮಾರುವವರು ಕಳಿಸುವುದೋ ಕಪ್ಪಾಗಿ ಒಣಗಿ ಗಲಗಲ ಸದ್ದು ಮಾಡುವ ಪೊಟ್ಟಣವನ್ನು. ತೇವದ ಪಾಚಿಯಲ್ಲಿಟ್ಟು, ಪ್ರಮಾಣಪತ್ರದೊಂದಿಗೆ ಕಳಿಸುವ ಪ್ರಾಮಾಣಿಕರು ಸಿಗುವವರೆಗೆ ಕಾಯುತ್ತೇನೆ. ಮೊಳಕೆಗೆ ಬೇಕಾದ ತಳದ ಕಾವಂತೂ ಈಗ ಮನೆಯಲ್ಲಿಯೇ ಸಿದ್ಧವಿದೆ.

ಮಲ್ಲಿಗೆಯ ಮಟ್ಟಿಗೆ ಮುಂದಿನ ಕೆಲಸ ಸವರುವುದು. ಈ ಗೊಂಚಲು ಮುಗಿದ ಕೂಡಲೇ ಪ್ರತಿ ಕಡ್ಡಿಯನ್ನು ಎರಡು ಗೆಣ್ಣು ಹಿಂದಕ್ಕೆ ಕತ್ತರಿಸಿದರೆ ಹೊಸ ಕುಡಿಗಳು ಒಡೆದು, ಅವುಗಳ ತುದಿಯಲ್ಲಿ ಮುಂದಿನ ಮೊಗ್ಗು ಬರಬೇಕು. ಮಣ್ಣಿನ ಬಿಸಿಯನ್ನು 23ರಿಂದ 20ಕ್ಕೆ ಇಳಿಸಿದರೂ ಮೊಗ್ಗು ನಿಲ್ಲುತ್ತದೆಯೇ ಎಂಬುದನ್ನು ಆ ಸುತ್ತಿನಲ್ಲಿ ನೋಡಬೇಕೆಂದಿದೆ. ಕಪಾಟಿನ ಮರಿಗಿಡವನ್ನು ಈ ವಾರ ದೊಡ್ಡ ಕುಂಡಕ್ಕೆ ಬದಲಿಸಿ, ಇನ್ನೊಂದು ಕಾರ್ಕ್ ತುಂಡು ಕತ್ತರಿಸಿಕೊಂಡು, ಅದನ್ನೂ ದೀಪದ ಕೆಳಗೆ ತರುತ್ತಿದ್ದೇವೆ.