ವಾರಕ್ಕೊಂದು ಹಾಡು: ಏಳನೆಯ ವಾರದ ಲೆಕ್ಕ

ಪ್ರತಿ ಶನಿವಾರ ಪರಿಚಯದ ಒಬ್ಬರಿಗೆ ಒಂದು ಹಾಡು ಕಳಿಸುತ್ತಿದ್ದೇನೆ. ಏಳು ಶನಿವಾರ, ಏಳು ಹಾಡು. ಹಾಕಿಕೊಂಡ ಕಟ್ಟಳೆ ಇನ್ನೂ ಮುರಿದಿಲ್ಲ: ಗುಂಪಿಗೆ ಹಂಚುವಂತಿಲ್ಲ, ಒಬ್ಬರಿಗೆ ಒಂದೇ ಹಾಡು, ನನಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಅದು ಹೇಳಬೇಕು. ನೋಟುಪುಸ್ತಕದಲ್ಲಿ ಮೊದಲು ಮೂರೇ ಅಂಕಣಗಳಿದ್ದವು: ಹಾಡು, ಭಾವ, ಯಾರಿಗೆ. ಈಗ ಐದಾಗಿವೆ. ಹೆಚ್ಚಿದ ಎರಡನ್ನೂ ಪೆಟ್ಟು ತಿಂದ ಮೇಲೆ ಗೀಚಿದ್ದು.

ಎರಡನೆಯ ವಾರ, ಕೆಲಸ ಕಳೆದುಕೊಂಡ ಗೆಳೆಯನಿಗೆ 'ಕಸ್ತೂರಿ ನಿವಾಸ'ದ (1971) ಬೊಂಬೆಯ ಹಾಡು ಆರಿಸಿದೆ. ಬೀಳಿಸಿದರೂ ಎದ್ದು ಕೂರುವ ಬೊಂಬೆ ಅದು. ಆದರೆ ಆ ಚಿತ್ರದಲ್ಲಿ ಒಂದೇ ಧಾಟಿಗೆ ಎರಡು ಹಾಡುಗಳಿವೆ, ಎರಡೂ ಪಿ.ಬಿ. ಶ್ರೀನಿವಾಸ್ ದನಿಯಲ್ಲಿ. 'ಆಡಿಸಿ ನೋಡು' ಧೈರ್ಯದ್ದು. 'ಆಡಿಸಿದಾತ' ಆಟ ನಿಂತುಹೋದ ಮೇಲಿನದು. ಅವಸರದಲ್ಲಿ ನಾನು ಒತ್ತಿದ್ದು ಎರಡನೆಯದನ್ನು. "ಇನ್ನೂ ಉಸಿರಾಡುತ್ತಿದ್ದೇನೆ ಮಾರಾಯ" ಎಂದು ಉತ್ತರ ಬಂತು.

ಮೂರನೆಯ ವಾರದ್ದು ನಗುವ ವಿಷಯವಲ್ಲ. ಹೊಸದಾಗಿ ಮದುವೆಯಾದ ಗೆಳತಿಗೆ ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ಕಳಿಸಿದೆ. ನನ್ನ ಕಿವಿಗೆ ಅದು ಇಷ್ಟು ವರ್ಷ ನಾಚಿಕೆಯ, ಸರಸದ ಹಾಡಾಗಿತ್ತು. ಅವಳ ಗಂಡನ ಮನೆ ಧಾರವಾಡ. ಬೇಂದ್ರೆ ಬಾಳಿದ ಸಾಧನಕೇರಿ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಹಾಡು ಕೇಳಿಸಿಕೊಂಡ ಅವಳ ಅತ್ತೆ ಒಳಗಿನಿಂದ ಬಂದು, ಇದು ಮಗುವನ್ನು ಕಳೆದುಕೊಂಡ ತಂದೆ ಹೆಂಡತಿಗೆ ಹೇಳುವ ಮಾತು ಎಂದರಂತೆ. ಪದ್ಯವನ್ನು ತೆಗೆದು ಮೊದಲಿನಿಂದ ಓದಿದೆ. ಮೊದಲ ಸಾಲಿನ ಆಚೆ ನಾನು ಎಂದೂ ಕಿವಿಗೊಟ್ಟಿರಲಿಲ್ಲ. ಗೆಳತಿಯ ಬಳಿ ಕ್ಷಮೆ ಕೇಳಿದೆ; ಅತ್ತೆಯವರಿಗೂ ತಿಳಿಸು ಎಂದೆ. ಅಂದೇ ನಾಲ್ಕನೆಯ ಅಂಕಣ ಹುಟ್ಟಿತು: 'ಸಂದರ್ಭ'. ಪೂರ್ತಿ ಸಾಹಿತ್ಯ ಓದದೆ ಯಾವ ಹಾಡೂ ಇನ್ನು ಮನೆ ಬಿಡುವುದಿಲ್ಲ.

ಐದನೆಯ ಅಂಕಣ 'ಅವರ ಗಡಿಯಾರ'. ನಿಸಾರ್ ಅಹಮದರ 'ಮತ್ತದೇ ಬೇಸರ'ವನ್ನು ಸಂಜೆ ಏಳಕ್ಕೆ, ತಕ್ಕ ಮನಸ್ಥಿತಿಯಲ್ಲೇ ಕಳಿಸಿದೆ. ನ್ಯೂಜೆರ್ಸಿಯ ಗೆಳೆಯ ಆಗ ಬೆಳಗಿನ ಕಾಫಿ ಕುಡಿದು ಕಚೇರಿಗೆ ಹೊರಟಿದ್ದ. ಸಂಜೆಯ ಏಕಾಂತ ಅವನನ್ನು ತಲುಪಿದ್ದು ಟ್ರಾಫಿಕ್ಕಿನ ನಡುವೆ.

ಕೈಬಿಟ್ಟವುಗಳಲ್ಲಿ 'ಅನಿಸುತಿದೆ ಯಾಕೋ ಇಂದು' ಮುಖ್ಯವಾದುದು. ಕಾಯ್ಕಿಣಿಯವರ ಪದಗಳ ಮೇಲೆ ನನ್ನ ತಕರಾರೇನೂ ಇಲ್ಲ. 2006ರ ಕೊನೆಯಲ್ಲಿ 'ಮುಂಗಾರು ಮಳೆ' ಬಂದಾಗಿನಿಂದ ನನ್ನ ಪರಿಚಯದವರೆಲ್ಲ ಅದನ್ನು ಯಾರಿಗಾದರೂ ಕಳಿಸಿಯೇ ಇದ್ದಾರೆ, ಅಷ್ಟೆ.

ಈ ವಾರದ್ದು ಕಷ್ಟದ್ದು. ಮೂರು ವರ್ಷದಿಂದ ಮಾತು ಬಿಟ್ಟಿರುವ ಗೆಳೆಯ; ತಪ್ಪು ಮುಕ್ಕಾಲು ಪಾಲು ನನ್ನದು. ಎಸ್‌ಪಿಬಿ ಹಾಡಿದ 'ಸ್ನೇಹದ ಕಡಲಲ್ಲಿ' ಕಳಿಸಿದೆ, ಜೊತೆಗೆ ಒಂದಕ್ಷರವನ್ನೂ ಬರೆಯದೆ. ನೀಲಿ ಗುರುತು ಕೂಡಲೇ ಬಿತ್ತು. ಆಮೇಲೆ ನಾಲ್ಕು ದಿನ ಏನೂ ಇಲ್ಲ. ನಿನ್ನೆ ರಾತ್ರಿ ಅವನೂ ಒಂದು ಹಾಡು ಕಳಿಸಿದ: 'ನಗುವ ನಯನ ಮಧುರ ಮೌನ'.

"ಇದು ಪ್ರೇಮಿಗಳ ಯುಗಳ ಗೀತೆಯಲ್ಲವೇನೋ" ಎಂದು ಬರೆದೆ.

"ಗೊತ್ತು. ಕೊನೆಯ ಎರಡು ಪದ ಮಾತ್ರ ನಿನಗೆ" ಎಂದ.